ಬೆಲ್ಲದ ಕಾಫಿ, ಮಷಿನ್ ಬ್ರಷ್, ಹಾಳಾದ ಪಹಣಿ

ಕರೆಂಟ್ ಹೋದಾಗ ಜೆರಾಕ್ಸ್ ಅಂಗಡಿಯವನಷ್ಟು ಕೆಲಸವಿಲ್ಲದ ಮನುಷ್ಯ ಊರಲ್ಲಿ ಇನ್ನೊಬ್ಬ ಇರಲ್ಲ. ತರಕಾರಿಯವನು ಕತ್ತಲಲ್ಲೂ ತೂಕ ಮಾಡಬಹುದು. ಟೈಲರ್ ಕಾಲಲ್ಲಿ ತುಳಿದು ಹೊಲಿಯಬಹುದು. ನಾನು ಮಾತ್ರ ಸತ್ತ ಮಷಿನ್ ಪಕ್ಕ ಇನ್ನೊಂದು ಮಷಿನ್ ಥರ ಕೂತಿರಬೇಕು. ಯುಪಿಎಸ್ ಇದೆ, ಅದು ಕಂಪ್ಯೂಟರಿಗೆ ಮಾತ್ರ ಸಾಕು. ಜೆರಾಕ್ಸ್ ಮಷಿನ್‌ಗೆ ಹಾಕಿದರೆ ಕೀ ಅಂತ ಕೂಗಿ ಮಲಗಿಬಿಡುತ್ತೆ.

ಎರಡು ವರ್ಷದ ಹಿಂದಿನ ಮಾತು. ಜುಲೈ ತಿಂಗಳ ಒಂದು ಮಧ್ಯಾಹ್ನ. ಚಿಕ್ಕಮಗಳೂರಿನ ಜುಲೈ ಮಳೆ ಧೋ ಅಂತ ಸುರಿದು ಹೋಗೋ ಜಾತಿಯದಲ್ಲ, ಬೆಳಗ್ಗೆ ಹಿಡಿದ ಸೋನೆ ರಾತ್ರಿ ಊಟದ ಹೊತ್ತಿಗೂ ಅದೇ ಹದದಲ್ಲಿ ಬೀಳ್ತಾ ಇರುತ್ತೆ, ನಿಲ್ಲೋದೂ ಇಲ್ಲ, ಜೋರಾಗೋದೂ ಇಲ್ಲ. ಗಿರಾಕಿ ಒಬ್ಬರೂ ಇಲ್ಲ. ಮೊಬೈಲ್ ಚಾರ್ಜ್ ಮುಗಿದಿತ್ತು. ಇದನ್ನು ಹೇಳಲೇಬೇಕು, ಯಾಕಂದ್ರೆ ಚಾರ್ಜ್ ಇದ್ದಿದ್ದರೆ ಮುಂದಿನದು ಏನೂ ಆಗ್ತಿರಲಿಲ್ಲ.

ಮನೆಯಿಂದ ಫ್ಲಾಸ್ಕಲ್ಲಿ ತಂದ ಬೆಲ್ಲದ ಕಾಫಿ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡೆ. ಸ್ವಲ್ಪ ಚೆಲ್ಲಿತು. ಮೇಜಿನ ಮೇಲೆ ಯಾರದೋ ಪಹಣಿಯ ಹಾಳಾದ ಕಾಪಿ ಮಗುಚಿ ಬಿದ್ದಿತ್ತು, ಲೋಟ ಅದರ ಮೇಲಿಟ್ಟೆ. ಎತ್ತಿದಾಗ ದುಂಡಗೆ ಕಂದು ಬಣ್ಣದ ಒಂದು ಬಳೆ. ಎಲ್ಲರ ಮನೆ ಮೇಜಿನ ಮೇಲೂ ಇರುತ್ತಲ್ವಾ ಅಂಥದ್ದು. ನನ್ನ ಕೈ ಸುಮ್ನೆ ಇರಲಿಲ್ಲ. ಬೆರಳು ಕಾಫಿಗೆ ಅದ್ದಿ ಆ ಬಳೆ ಮೇಲೆ ಒಂದು ತಲೆಕಟ್ಟು ಎಳೆದೆ. 'ರ' ಆಯಿತು.

ಒಳ್ಳೇ 'ರ'. ಎಡಕ್ಕೂ ಬಲಕ್ಕೂ ಸಮ ತೂಕ ಇದ್ದ 'ರ'. ಅದನ್ನು ನೋಡ್ತಾ ನೋಡ್ತಾ ಹೊಟ್ಟೆಯೊಳಗೆ ಏನೋ ಒಂಥರಾ ಆಯಿತು.

ಯಾಕೆ ಅಂದ್ರೆ ನಾನು ಮೊದಲು ಬೋರ್ಡ್ ಬರೆಯೋನು. 1991ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಚಿತ್ರ ಬಿಡಿಸೋ ಆಸೆ ಜಾಸ್ತಿ ಇದ್ದು ದುಡ್ಡು ಕಮ್ಮಿ ಇದ್ದಿದ್ದರಿಂದ, ಒಬ್ಬ ಬೋರ್ಡ್ ಪೇಂಟರ್ ಹತ್ತಿರ ಸೇರಿಕೊಂಡೆ. ಉಸ್ತಾದ್ ಅಂತ ಕರೀತಿದ್ದೆವು. ಮೊದಲ ಆರು ತಿಂಗಳು ಸೀಮೆಎಣ್ಣೆಯಲ್ಲಿ ಬ್ರಷ್ ತೊಳೆಯೋದು, ತಗಡಿಗೆ ಉಪ್ಪು ಕಾಗದ ಉಜ್ಜೋದು, ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ ಒಂದು ತುದಿ ಹಿಡ್ಕೊಂಡು ನಿಲ್ಲೋದು. ಆ ಕಡೆ ಅವರು ಹಿಡಿದು ಮಧ್ಯದಲ್ಲಿ ಮೀಟಿದರೆ ಬೋರ್ಡಿನ ಮೇಲೆ ಟಪ್ ಅಂತ ಬಿಳಿ ಗೆರೆ ಬೀಳುತ್ತಿತ್ತು. ಆಮೇಲೆ ಒಂದು ವರ್ಷ ಬರೀ ದುಂಡು ಬರೆಸಿದರು. ಇಂಗ್ಲಿಷ್ ಬೋರ್ಡ್ ಯಾರು ಬೇಕಾದರೂ ಬರೀಬಹುದು, ನೆಟ್ಟಗೆ ಕೋಲು ನಿಲ್ಲಿಸಿದರಾಯಿತು, ಕನ್ನಡಕ್ಕೆ ಕೈ ತಿರುಗಬೇಕು ಅನ್ನೋರು. ನಿಜ. 'ಶ್ರೀ ಲಕ್ಷ್ಮೀ ಸ್ಟೋರ್ಸ್' ಅಂತ ನಾಲ್ಕಡಿ ತಗಡಿನಲ್ಲಿ ಬರೆದು ನೋಡಿ. ಮೇಲೆ ಗುಡಿಸು, ಕೆಳಗೆ ಒತ್ತು, ಕೊನೆಯಲ್ಲಿ ಅರ್ಕಾವತ್ತು. ಎಲ್ಲಕ್ಕೂ ಜಾಗ ಬಿಡೋ ಹೊತ್ತಿಗೆ ನಡುವೆ ಅಕ್ಷರ ಕುಬ್ಜ ಆಗಿರುತ್ತೆ.

2003-04ರ ಹೊತ್ತಿಗೆ ಫ್ಲೆಕ್ಸ್ ನಮ್ಮ ಕಡೆಗೂ ಬಂತು. ನಾನು ಎರಡು ದಿನ ಬರೆಯೋ ಬೋರ್ಡನ್ನು ಅವರು ಅರ್ಧ ಗಂಟೆಯಲ್ಲಿ ಓನರ್ ಫೋಟೋ ಸಮೇತ ಹಾಕಿ ಕೊಡೋರು. ಇದರ ಬಗ್ಗೆ ಅಳೋಕೆ ಹೋಗಲ್ಲ. 2006ರಲ್ಲಿ ಸಾಲ ಮಾಡಿ ಜೆರಾಕ್ಸ್ ಮಷಿನ್ ತಂದೆ, ಮಗಳನ್ನು ಓದಿಸಿದೆ, ಮನೆ ನಡೀತು. ಬ್ರಷ್‌ಗಳನ್ನು ಎನಾಮಲ್ ಡಬ್ಬದಲ್ಲಿ ಸೀಮೆಎಣ್ಣೆಗೆ ಹಾಕಿ ಅಟ್ಟಕ್ಕೆ ಹಾಕಿದ್ದೆ. ಸೀಮೆಎಣ್ಣೆ ಯಾವತ್ತೋ ಆರಿ ಹೋಗಿತ್ತು, ಅವು ಡಬ್ಬಕ್ಕೇ ಕಚ್ಚಿಕೊಂಡು ಕಲ್ಲಾಗಿದ್ದವು. ಹದಿನೆಂಟು ವರ್ಷ ನಾನು ಪೆನ್ನಲ್ಲಿ ಸಹಿ ಬಿಟ್ಟರೆ ಇನ್ನೇನೂ ಬರೆದಿರಲಿಲ್ಲ. ನನ್ನದೇ ಅಂಗಡಿ ಬೋರ್ಡ್ ಫ್ಲೆಕ್ಸು. ನಗಬೇಡಿ.

ಸರಿ, ಆ ಮಧ್ಯಾಹ್ನಕ್ಕೆ ಬರೋಣ. ಬ್ರಷ್ ಇರಲಿಲ್ಲ. ಮಷಿನ್ ಒಳಗಿನ ಧೂಳು ತೆಗೆಯೋ ಚಿಕ್ಕ ಬ್ರಷ್ ಇತ್ತು, ಅದನ್ನೇ ಕಾಫಿಗೆ ಅದ್ದಿದೆ. ಎದುರುಗಡೆ ಹೂ ಮಾರೋ ಅಜ್ಜಿ ದೊಡ್ಡ ಛತ್ರಿ ಕೆಳಗೆ ಕೂತಿದ್ದರು. 'ರ' ಪಕ್ಕದಲ್ಲಿ ಛತ್ರಿ ಬಂತು, ಛತ್ರಿ ಕೆಳಗೆ ಅಜ್ಜಿ ಅಂತ ನಾನು ಅಂದುಕೊಂಡ ಒಂದು ಮೂಟೆ ಬಂತು. ಬ್ರಷ್‌ನಲ್ಲಿದ್ದ ಟೋನರ್ ಪುಡಿ ಅಲ್ಲಲ್ಲಿ ಕರಿ ಚುಕ್ಕಿ ಬಿಟ್ಟಿತು. ಕಾಗದ 70 ಜಿಎಸ್‌ಎಂದು, ಅಂದರೆ ತೆಳು, ಒದ್ದೆಯಾಗಿ ಹಪ್ಪಳದ ಥರ ಸುಕ್ಕಾಯಿತು. ಚಿತ್ರ ಅನ್ನೋಕೆ ಅದರಲ್ಲಿ ಏನೂ ಇರಲಿಲ್ಲ. ಆದರೆ ಕರೆಂಟ್ ಬಂದಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಯಾರೋ ಬಂದು "ಸಾರ್, ಆಧಾರ್ ಎರಡು ಕಾಪಿ" ಅಂದಾಗಲೇ ತಲೆ ಎತ್ತಿದ್ದು. ಆ ಹಾಳೆಯನ್ನು ಗೋಡೆಗೆ ಅಂಟಿಸಿದೆ.

ಮಾರನೇ ದಿನ ಬೆಳಗ್ಗೆ ನೋಡಿದರೆ ಛತ್ರಿ ಪೂರ್ತಿ ಇರುವೆ. ಬೆಲ್ಲ ಅಲ್ವಾ.

ಆಮೇಲಿಂದ ಮನೆಯಲ್ಲಿ ಕಾಫಿ ಪ್ರಯೋಗ ಶುರುವಾಯಿತು. ಇದು ಸ್ವಲ್ಪ ವಿವರವಾಗಿ ಹೇಳ್ತೀನಿ. ಮಾಡಿ ನೋಡೋ ಆಸೆ ಇರೋರಿಗೆ ನನ್ನಷ್ಟು ಪುಡಿ ಹಾಳಾಗದೇ ಇರಲಿ. ಫಿಲ್ಟರಿನ ಮೊದಲ ಡಿಕಾಕ್ಷನ್ ನಾಲಿಗೆಗೆ ಎಷ್ಟೇ ಗಟ್ಟಿ ಅನ್ನಿಸಿದರೂ ಕಾಗದದ ಮೇಲೆ ತೆಳು, ಒಣಗಿದ ಮೇಲೆ ಹಳೇ ಪಂಚೆ ಬಣ್ಣ. ಅದನ್ನು ಚಿಕ್ಕ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿಟ್ಟು ಕಾಲು ಭಾಗಕ್ಕೆ ಇಳಿಸಬೇಕು. ಬಾಟಲ್ ಮುಚ್ಚಳ ನಾಲ್ಕು ಸಾಲಾಗಿ ಇಟ್ಟುಕೊಂಡು ಒಂದರಲ್ಲಿ ಹಾಗೇ, ಮಿಕ್ಕವಕ್ಕೆ ಹೆಚ್ಚು ಹೆಚ್ಚು ನೀರು ಬೆರೆಸಿದರೆ ನಾಲ್ಕು ಬಣ್ಣ ಸಿಗುತ್ತೆ. ತೆಳುವಾದದ್ದನ್ನು ಮೊದಲು ಬಳೀಬೇಕು, ಪೂರ್ತಿ ಒಣಗೋ ತನಕ ಕಾಯಬೇಕು, ಆಮೇಲೆ ಅದರ ಮೇಲೆ ಇನ್ನೊಂದು. ಕಾಯದೆ ಹೋದರೆ ಎಲ್ಲಾ ಕಲಸಿ ಕೆಸರಾಗುತ್ತೆ. ಜುಲೈಯಲ್ಲಿ ನಮ್ಮೂರಲ್ಲಿ ಬನಿಯನ್ನೇ ಒಣಗಲ್ಲ, ಇನ್ನು ಚಿತ್ರ ಎಲ್ಲಿ? ಅದಕ್ಕೆ ನನಗೊಂದು ಉಪಾಯ ಸಿಕ್ಕಿತು. ನೂರು ಕಾಪಿ ತೆಗೆದ ಮೇಲೆ ಜೆರಾಕ್ಸ್ ಮಷಿನ್ ಪಕ್ಕ ಬಿಸಿ ಬಿಸಿ ಇರುತ್ತೆ. ಹಾಳೆಯನ್ನು ಅಲ್ಲಿಡ್ತೀನಿ. ಕಾಲೇಜು ಹುಡುಗರು ನೋಟ್ಸ್ ತೆಗೆಸೋಕೆ ಬಂದ ದಿನ ನನ್ನ ಚಿತ್ರ ಬೇಗ ಮುಗಿಯುತ್ತೆ.

ಚಿಕೋರಿ ವಿಷಯ ಇನ್ನೊಂದು ಕಥೆ. ನಮ್ಮ ಮನೆಗೆ ತರೋದು ಎಂಬತ್ತು-ಇಪ್ಪತ್ತು, ಅಂದರೆ ಎಂಬತ್ತು ಭಾಗ ಕಾಫಿಗೆ ಇಪ್ಪತ್ತು ಭಾಗ ಚಿಕೋರಿ. ಚಿಕೋರಿ ಜಾಸ್ತಿ ಇದ್ದರೆ ಬಣ್ಣ ಗಾಢ ಬರುತ್ತೆ ಅಂತ ಗೊತ್ತಾಗಿ, ಪುಡಿ ಅಂಗಡಿಗೆ ಹೋಗಿ ಅರವತ್ತು-ನಲವತ್ತು ಕಾಲು ಕೇಜಿ ಕೊಡಿ ಅಂದೆ. ಅವರು ನನ್ನ ಮುಖ ನೋಡಿ, "ಏನಣ್ಣ, ಮನೇಲಿ ಮದುವೆನಾ?" ಅಂದರು. ನಲವತ್ತೊಂಬತ್ತಕ್ಕಿಂತ ಜಾಸ್ತಿ ಚಿಕೋರಿ ಹಾಕೋ ಹಾಗಿಲ್ಲ, ಕಾನೂನು ಇದೆ, ಅದೂ ಹೇಳಿದರು. ಬಣ್ಣ ನಿಜವಾಗಲೂ ಚೆನ್ನಾಗಿ ಬಂತು, ತೇಗದ ಬಾಗಿಲಿನ ಥರ ಹೊಳಪು. ಆದರೆ ಅಂಟು ಬಿಡಲೇ ಇಲ್ಲ. ಎರಡು ಚಿತ್ರ ಒಂದರ ಮೇಲೊಂದು ಇಟ್ಟಿದ್ದೆ, ಬಿಡಿಸೋಕೆ ಹೋದರೆ ಮೇಲಿನದರ ಬೆಟ್ಟ ಕೆಳಗಿನದರ ಆಕಾಶಕ್ಕೆ ಬಂದಿತ್ತು. ಈಗ ಬರೀ ಕಾಫಿ ಪುಡಿಯ ಡಿಕಾಕ್ಷನ್, ತೀರಾ ಕಪ್ಪು ಬೇಕಾದ ಕಡೆ ಇನ್‌ಸ್ಟಂಟ್ ಕಾಫಿ ಸ್ಯಾಷೆ ನಾಲ್ಕು ಹನಿ ನೀರಲ್ಲಿ ಕದಡಿದ್ದು. ಅರೇಬಿಕಾ, ರೊಬಸ್ಟಾ ಎರಡೂ ಬೆಳೆಯೋ ಜಿಲ್ಲೆಯಲ್ಲಿ ಕೂತು ಸ್ಯಾಷೆ ಕಾಫಿ ಬಳಸ್ತೀನಿ ಅಂತ ಭಾವನ ಮುಂದೆ ಮಾತ್ರ ಬಾಯಿ ಬಿಟ್ಟಿಲ್ಲ. ಅವರಿಗೆ ಆಲ್ದೂರು ಕಡೆ ತೋಟ ಇದೆ.

ಕಾಗದಕ್ಕೆ 300 ಜಿಎಸ್‌ಎಂ ಡ್ರಾಯಿಂಗ್ ಹಾಳೆ ತಂದೆ. ದುಬಾರಿ. ಒಂದನ್ನು ಎಂಟು ತುಂಡು ಮಾಡ್ತೀನಿ, ಕಟರ್ ಹೇಗೂ ಅಂಗಡಿಯಲ್ಲೇ ಇದೆ. ಹೆಂಡತಿ ಮೊದಮೊದಲು, "ರೀ, ಪುಡಿ ರೇಟು ಏನಾಗಿದೆ ಗೊತ್ತಾ, ಕುಡಿಯೋಕೆ ಲೆಕ್ಕ ಹಾಕ್ತಿದೀವಿ, ನೀವು ಗೋಡೆಗೆ ಬಳೀತಿದೀರ" ಅಂತ ಗೊಣಗಿದಳು. ಆಮೇಲೆ ಇಬ್ಬರೂ ರಾಜಿಗೆ ಬಂದೆವು. ಫಿಲ್ಟರಿನ ಎರಡನೇ ಡಿಕಾಕ್ಷನ್ ನನಗೆ. ಮೊದಲನೆಯದು ಮನೆಗೆ.

ಸಾಮಾನೆಲ್ಲ ಸರಿ ಹೋಯಿತು. ಕೈ ಸರಿ ಹೋಗಲಿಲ್ಲ.

ಹದಿನೆಂಟು ವರ್ಷದಲ್ಲಿ ಕೈಗೆ ಮರೆತು ಹೋಗಿರುತ್ತೆ ಅಂತ ಹೆದರಿದ್ದೆ. ಆಗಿದ್ದು ಉಲ್ಟಾ. ಕೈ ಏನನ್ನೂ ಮರೆತಿರಲಿಲ್ಲ, ಅದೇ ತೊಂದರೆ. ಮರ ಬಿಡಿಸಿದರೆ ನರ್ಸರಿ ಬೋರ್ಡಿನ ಮರ. ಹಸು ಬಿಡಿಸಿದರೆ ಹಾಲಿನ ಡೈರಿ ಹಸು, ಕೊರಳಿಗೆ ಗಂಟೆ ಸಮೇತ. ಎಲ್ಲಕ್ಕೂ ಸುತ್ತ ದಪ್ಪ ಔಟ್‌ಲೈನ್, ಬಲಗಡೆ ಕೆಳಗೆ ಒಂದು ಶೇಡ್. ಅದು ಇಪ್ಪತ್ತಡಿ ದೂರದಲ್ಲಿ ಬಸ್ಸಲ್ಲಿ ಹೋಗೋರಿಗೆ ಕಾಣಲಿ ಅಂತ ಕಲಿತ ವಿದ್ಯೆ. ಅಂಗೈ ಅಗಲದ ಹಾಳೆಯಲ್ಲಿ ಅದು ಕೂಗಿ ಮಾತಾಡಿದ ಹಾಗೆ ಕಾಣ್ತಿತ್ತು. ರಸ್ತೆಗೆ ಕೇಳಿಸೋ ಹಾಗೆ ಮಾತಾಡಿ ಅಭ್ಯಾಸ ಆದವನು ಪಕ್ಕದಲ್ಲಿ ಕೂತವರ ಹತ್ತಿರ ಮಾತಾಡೋಕೆ ಕಲಿಯಬೇಕಿತ್ತು.

ಅದಕ್ಕೆ ದಾರಿ ಸಿಕ್ಕಿದ್ದು ಮುಂದಿನ ಮಾರ್ಚಲ್ಲಿ, ಭಾವನ ತೋಟದಲ್ಲಿ. ಕಾಫಿ ಹೂ ಅರಳಿಸೋ ಹೂಮಳೆ ಒಂದು ಹದವಾಗಿ ಬಿದ್ದು ಎಂಟೊಂಬತ್ತು ದಿನ ಆಗಿತ್ತು. ಬಾ, ಹೂ ಅರಳಿದೆ, ಇನ್ನು ಮೂರು ದಿನ ಬಿಟ್ಟರೆ ಇರಲ್ಲ ಅಂತ ಫೋನ್ ಮಾಡಿದರು. ರೊಬಸ್ಟಾ ಹೂ ನೋಡದವರಿಗೆ ಹೇಳೋದು ಕಷ್ಟ. ರೆಕ್ಕೆ ಚಾಚಿದ ಕೊಂಬೆಯ ಗೆಣ್ಣು ಗೆಣ್ಣಿಗೂ ಒಂದೊಂದು ಬಿಳಿ ಗೊಂಚಲು, ತೋಟ ಪೂರ್ತಿ ಮಲ್ಲಿಗೆ ವಾಸನೆ, ಜೇನು ಗುಂಯ್ ಅನ್ನೋದು ಬಿಟ್ಟರೆ ಬೇರೆ ಸದ್ದಿಲ್ಲ. ಬೆಂಚು ಹಾಕಿಕೊಂಡು, ಮುಚ್ಚಳ ನಾಲ್ಕು ಜೋಡಿಸಿಕೊಂಡು ಕೂತೆ. ಒಂದು ಗೊಂಚಲು ಸಾಕು, ಪೂರ್ತಿ ತೋಟ ಬೇಡ ಅಂದುಕೊಂಡೆ.

ಬ್ರಷ್ ಎತ್ತಿದಾಗ ಹೊಳೀತು, ನನ್ನ ಹತ್ತಿರ ಬಿಳಿ ಬಣ್ಣವೇ ಇಲ್ಲ.

ಎನಾಮಲ್‌ನಲ್ಲಿ ಬಿಳಿ ಕೊನೆಗೆ ಬರೋದು. ಕಪ್ಪು ಬಳೀರಿ, ಕೆಂಪು ಬಳೀರಿ, ತಪ್ಪಾದರೆ ಅದರ ಮೇಲೇ ಇನ್ನೊಂದು ಕೋಟ್ ಹೊಡೀರಿ, ಕೊನೆಗೆ ಬಿಳಿಯಲ್ಲಿ ಒಂದು ಮಿಂಚು ಕೊಡಿ, ಮುಗೀತು. ಕಾಫಿಗೆ ಆ ಶಕ್ತಿ ಇಲ್ಲ. ಅದು ಏನನ್ನೂ ಮುಚ್ಚಲ್ಲ. ಬಿಳಿ ಬೇಕು ಅಂದರೆ ಕಾಗದವನ್ನೇ ಬಿಟ್ಟಿರಬೇಕು. ಒಂದು ಸಲ ಬಳಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಕಲೆ ಉಳಿಯುತ್ತೆ. ಮೊದಲ ದಿನ ನಾನು ಹೂವನ್ನು ಬಿಡಿಸಿದೆ, ಅಂದರೆ ಹೂವಿನ ಸುತ್ತ ಔಟ್‌ಲೈನ್ ಹಾಕಿದೆ. ಕಲ್ಯಾಣ ಮಂಟಪದ ಬೋರ್ಡಿನ ಹೂವಾಯಿತು. ಎರಡನೇ ದಿನ ಮೋಸ ಮಾಡಿದೆ, ಅಂಗಡಿಯಿಂದ ವೈಟ್ನರ್ ತಂದು ಎಸಳಿಗೆ ಹಚ್ಚಿದೆ. ಮಗಳಿಗೆ ಫೋಟೋ ಕಳಿಸಿದರೆ, "ಅಪ್ಪಾ, ಗಿಡಕ್ಕೆ ಏಟಾಗಿದ್ಯಾ, ಬ್ಯಾಂಡೇಜ್ ಹಾಕಿದಂಗಿದೆ" ಅಂತ ಮೆಸೇಜ್ ಬಂತು.

ಮೂರನೇ ದಿನಕ್ಕೆ ಹೂ ಬಾಡೋಕೆ ಶುರುವಾಗಿತ್ತು, ತುದಿ ಕಂದು ತಿರುಗ್ತಿತ್ತು. ಹನ್ನೊಂದು ಹಾಳೆ ಹಾಳಾಗಿದ್ದವು. ಬೇಜಾರಿಗೆ ಹೂವನ್ನು ನೋಡೋದು ಬಿಟ್ಟು ಅದರ ಹಿಂದಿನ ಎಲೆ ನೋಡಿದೆ. ಎರಡು ಎಸಳಿನ ಸಂದಿಯಲ್ಲಿ ಕಾಣೋ ಕತ್ತಲೆ ಇದೆಯಲ್ಲ, ಆ ಸಣ್ಣ ತ್ರಿಕೋನ, ಅದನ್ನು ಬರೆದೆ. ಪಕ್ಕದ ಸಂದಿ ಬರೆದೆ. ಇನ್ನೊಂದು. ಬೋರ್ಡ್ ಬರೆಯುವಾಗ ಉಸ್ತಾದ್ ಅಕ್ಷರ ನೋಡಬೇಡ, ಅಕ್ಷರದ ನಡುವಿನ ಜಾಗ ನೋಡು ಅಂತಿದ್ದರು, ಅದು ಅಕ್ಷರಕ್ಕೆ ಮಾತ್ರ ಅಂತ ಇಷ್ಟು ವರ್ಷ ತಿಳ್ಕೊಂಡಿದ್ದೆ. ಕತ್ತಲೆಯೆಲ್ಲ ಮುಗಿದಾಗ ನಡುವೆ ಐದು ಎಸಳು ತಾವೇ ಕೂತಿದ್ದವು, ನಾನು ಮುಟ್ಟದ ಬರೀ ಕಾಗದ. ಒಂದೆಸಳು ಸ್ವಲ್ಪ ಸೊಟ್ಟ. ಭಾವ ಹಿಂದೆ ನಿಂತು ನೋಡಿ, "ಇದಕ್ಕೆ ಕಾಯಿ ಕಚ್ಚುತ್ತೆ ಬಿಡು" ಅಂದರು. ತೋಟದವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಆ ಹೂವನ್ನು ಸ್ಟೇಟಸ್‌ಗೆ ಹಾಕಿದ್ದೇ ತಪ್ಪಾಯಿತು. ಒಂದು ಹೋಂ ಸ್ಟೇಯವರು ಫೋನ್ ಮಾಡಿದರು. ಹನ್ನೆರಡು ರೂಮಿಗೆ ಹನ್ನೆರಡು ಚಿತ್ರ. ಮುಳ್ಳಯ್ಯನಗಿರಿ, ಕಾಫಿ ಹಣ್ಣು ಕೊಯ್ಯೋ ಹೆಂಗಸು, ಹಬೆಯಾಡೋ ಲೋಟ. ಎಲ್ಲಾ ಒಂದೇ ಅಳತೆ, ಒಂದೇ ಬಣ್ಣ, ಮೇ ಕೊನೆಯೊಳಗೆ ಬೇಕು. ಮೂರು ಸಾವಿರ ಅಡ್ವಾನ್ಸ್ ಕೊಟ್ಟರು. ಖುಷಿಯಾಗಿ ಒಪ್ಪಿಕೊಂಡೆ. ಒಂದು ವಾರದಲ್ಲಿ ಐದು ಚಿತ್ರ ಮುಗೀತು, ಐದೂ ಬೋರ್ಡ್. ಔಟ್‌ಲೈನ್ ವಾಪಸ್ ಬಂದಿತ್ತು, ಶೇಡ್ ವಾಪಸ್ ಬಂದಿತ್ತು. ರಾತ್ರಿ ಮಲಗಿದಾಗ ಎಷ್ಟು ಬಾಕಿ, ಎಷ್ಟು ದಿನ ಅಂತ ಲೆಕ್ಕ. ಆರನೇ ಲೋಟದ ಹಬೆ ಬಿಡಿಸ್ತಾ ನಾಲ್ಕು ಗಂಟೆ ಕೂತಿದ್ದೆ. ಫೋನ್ ಮಾಡಿ ಆಗಲ್ಲ ಅಂದೆ. ಅವರಿಗೆ ಸಿಟ್ಟು ಬಂತು, ಬರೋದು ನ್ಯಾಯವೇ. ದುಡ್ಡು ವಾಪಸ್ ಕೊಟ್ಟೆ, ಆಗಿದ್ದ ಐದನ್ನು ಸುಮ್ನೆ ಇಟ್ಕೊಳ್ಳಿ ಅಂದೆ. ಮಳೆಗಾಲದಲ್ಲಿ ಅವೂ ಬೂಷ್ಟು ಹಿಡಿದವಂತೆ. ಫ್ರೇಮ್ ಹಾಕುವಾಗ ಗಾಜನ್ನು ಕಾಗದಕ್ಕೆ ತಾಗಿಸಿಬಿಟ್ಟಿದ್ದಾರೆ, ಥಂಡಿ ಒಳಗೇ ಉಳಿದಿದೆ. ಗಾಜಿಗೂ ಕಾಗದಕ್ಕೂ ನಡುವೆ ರಟ್ಟಿನ ಅಂಚು ಕೊಟ್ಟು ಸಂದಿ ಬಿಡಬೇಕಿತ್ತು. ಇದು ನನಗೂ ಆಗ ಗೊತ್ತಿರಲಿಲ್ಲ.

ದುಡ್ಡು ತಗೊಂಡರೆ ಕಲೆ ಕೆಡುತ್ತೆ ಅಂತ ಹೇಳ್ತಿಲ್ಲ. ಹದಿನೈದು ವರ್ಷ ದುಡ್ಡು ತಗೊಂಡೇ ಬರೆದವನು ನಾನು, ಆಗ ಖುಷಿಯಾಗೇ ಬರೆದೆ. ಈ ಕಾಫಿ ವಿಷಯದಲ್ಲಿ ಮಾತ್ರ ಯಾಕೋ ಆಗಲಿಲ್ಲ.

ಆ ಜೂನಲ್ಲಿ ಬೇಲೂರಿಗೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ನಮ್ಮೂರಿಂದ ಇಪ್ಪತ್ತೈದು ಕಿಲೋಮೀಟರ್, ಚಿಕ್ಕಂದಿನಿಂದ ಎಷ್ಟು ಸಲ ಹೋಗಿದೀನೋ ಲೆಕ್ಕ ಇಲ್ಲ. ಊಟಕ್ಕೆ ಇನ್ನೂ ಟೈಮಿತ್ತು, ದೇವಸ್ಥಾನಕ್ಕೆ ಹೋದೆವು. ವಿಷ್ಣುವರ್ಧನ ಕಟ್ಟಿಸಿದ್ದು, 1117. ಎಲ್ಲರೂ ಕತ್ತೆತ್ತಿ ಮದನಿಕೆಯರ ಮುಖ ನೋಡ್ತಾರೆ, ನಾನೂ ಇಷ್ಟು ವರ್ಷ ಅದನ್ನೇ ನೋಡಿದ್ದು. ಈ ಸಲ ಕಣ್ಣು ಪಾದದ ಕೆಳಗೆ ಹೋಯಿತು. ಅಲ್ಲಿ ಅಕ್ಷರ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಕೆತ್ತಿದವರ ಹೆಸರು ಅಂತ ಗೈಡ್ ಯಾರಿಗೋ ಹೇಳ್ತಿದ್ದರು. ನಮ್ಮ ಜಿಲ್ಲೆಯಲ್ಲೇ ತರೀಕೆರೆ ಹತ್ತಿರ ಅಮೃತಾಪುರದ ಗುಡಿ ಇದೆ, 1196ರದ್ದು, ಅಲ್ಲಿ ಕೆಲಸ ಮಾಡಿದ ಮಲ್ಲಿತಮ್ಮ ಅನ್ನೋ ಶಿಲ್ಪಿಯೂ ಹೀಗೇ ಕಂಡ ಕಂಡ ಗುಡಿಯಲ್ಲಿ ಹೆಸರು ಬಿಟ್ಟು ಹೋದವನು. ನಾವೂ ಬೋರ್ಡಿನ ಬಲಗಡೆ ಮೂಲೆಯಲ್ಲಿ ಸಣ್ಣದಾಗಿ ಹಾಕ್ತಿದ್ದೆವು, ಹೆಸರು, ಪಕ್ಕದಲ್ಲಿ 'ಆರ್ಟ್ಸ್'. ಓನರ್‌ಗಳು ಬೈಯೋರು, ಬೋರ್ಡ್ ನಮ್ಮದೋ ನಿಂದೋ ಅಂತ. ಎಂಟುನೂರು ಒಂಬೈನೂರು ವರ್ಷದ ಹಿಂದೆ ಇವರಿಗೂ ಯಾರಾದರೂ ಬೈದಿರಬಹುದಾ ಅಂತ ಕೇಳಿದೆ. ಹೆಂಡತಿ, "ಬೇಗ ಬನ್ನಿ, ಪಂಕ್ತಿ ಕೂರ್ತಿದೆ" ಅಂದಳು.

ನನ್ನ ಕಾಫಿ ಚಿತ್ರಗಳಿಗೆ ಸಹಿ ಇಲ್ಲ. ಹಾಕೋಣ ಅಂತ ಎರಡು ಸಲ ಬ್ರಷ್ ಎತ್ತಿ, ಪಕ್ಕದಲ್ಲಿ 'ಆರ್ಟ್ಸ್' ಅಂತ ಬರೆದುಬಿಟ್ಟೇನು ಅಂತ ಭಯವಾಗಿ ಇಟ್ಟೆ.

ಈಗ ಬೆಳಗ್ಗೆ ಒಂಬತ್ತರಿಂದ ಹತ್ತರವರೆಗೆ, ಕೋರ್ಟು ಕಚೇರಿ ಜನ ಬರೋ ಮೊದಲು, ಒಂದು ಹಾಳೆ. ಕೆಲವು ದಿನ ಮಾಡ್ತೀನಿ, ಕೆಲವು ದಿನ ಇಲ್ಲ. ಎದುರಿನ ಛತ್ರಿ ಅಜ್ಜಿಯನ್ನು ಇಪ್ಪತ್ತು ಸಲವಾದರೂ ಬಿಡಿಸಿರಬೇಕು, ಈಗೀಗ ಮೂಟೆಗಿಂತ ಅಜ್ಜಿ ಥರ ಕಾಣ್ತಾರೆ. ಅವರು ಒಂದು ಸಲ ಬಂದು ನೋಡಿ, ಬುಟ್ಟಿಯಲ್ಲಿ ಹೂ ಕಮ್ಮಿ ಹಾಕಿದೀಯ, ವ್ಯಾಪಾರ ಆಗಿಲ್ಲ ಅನ್ಕೊಳ್ಳಲ್ವಾ ಜನ ಅಂತ ತಕರಾರು ಮಾಡಿದರು. ತುಂಬಿಸಿಕೊಟ್ಟೆ.

ಮೊನ್ನೆ ಒಬ್ಬ ಹುಡುಗ ಹಾಲ್ ಟಿಕೆಟ್ ಜೆರಾಕ್ಸಿಗೆ ಬಂದ. ಗೋಡೆಯಲ್ಲಿ ಹತ್ತು ಹದಿನೈದು ಚಿತ್ರ ಇವೆ, ಕಾಫಿ ಹೂವೂ ಇದೆ, ಅವನು ಎಲ್ಲ ಬಿಟ್ಟು ಮೊದಲನೇ ದಿನದ ಆ ಸುಕ್ಕು ಹಾಳೆ ನೋಡ್ತಾ ನಿಂತ. ಲೋಟದ ಬಳೆಯ 'ರ', ಪಕ್ಕದಲ್ಲಿ ಛತ್ರಿ.

"ಅಣ್ಣಾ, ಇದು ಎಷ್ಟು?"

"ಅದು ಮಾರೋಕಲ್ಲ. ಜೆರಾಕ್ಸ್ ಬೇಕಾದ್ರೆ ತೆಗೆದುಕೊಡ್ತೀನಿ, ಎರಡು ರೂಪಾಯಿ."

ತಮಾಷೆಗೆ ಅಂದಿದ್ದು. ಅವನು ಸರಿ ಕೊಡಿ ಅಂದುಬಿಟ್ಟ. ಗೋಡೆಯಿಂದ ಬಿಡಿಸಿ ಗ್ಲಾಸ್ ಮೇಲಿಟ್ಟು ತೆಗೆದೆ. ತೆಳು ಕಾಗದ ಅಲ್ವಾ, ಹಿಂಬದಿಯ ಪಹಣಿ ಮಸುಕಾಗಿ ಮೂಡಿತ್ತು, ಛತ್ರಿ ಒಳಗೆ ಯಾರದೋ ಸರ್ವೆ ನಂಬರ್ ತಿರುಗುಮುರುಗಾಗಿ. ಅಜ್ಜಿ ಪೂರ್ತಿ ಬೂದಿ ಬಣ್ಣ. 'ರ' ಮಾತ್ರ ಗಟ್ಟಿಯಾಗಿ ಬಂದಿತ್ತು, ಅದರ ಹೊಟ್ಟೆಯೊಳಗೆ ಒಂದು ಕರಿ ಚುಕ್ಕಿ. ಅಸಲಿನಲ್ಲಿ ಅಲ್ಲಿ ಚುಕ್ಕಿ ಇರಲಿಲ್ಲವಲ್ಲ ಅಂತ ಮುಚ್ಚಳ ಎತ್ತಿ ನೋಡಿದರೆ, ಗ್ಲಾಸ್ ಮೇಲೆ ಇರುವೆ ಓಡಾಡ್ತಿತ್ತು.

"ಇನ್ನೊಂದು ತೆಗೆದುಕೊಡ್ತೀನಿ ಇರು" ಅಂದೆ.

"ಬೇಡ, ಇದೇ ಇರಲಿ" ಅಂತ ಹಾಲ್ ಟಿಕೆಟ್ ಜೊತೆ ಫೈಲಿಗೆ ಸೇರಿಸಿಕೊಂಡು, ನಾಲ್ಕು ರೂಪಾಯಿ ಕೊಟ್ಟು ಹೋದ.